ಮನೆಬಳಕೆಯ ಒಂದು ಚಿಕ್ಕ ವಸ್ತುವನ್ನು ಸುಧಾರಿಸುವುದು ಹೇಗೆ: ಔಷಧಿ ಅಳೆಯುವ ಕಪ್‌ನ ನೆಪದಲ್ಲಿ

ಹೊಸದೇನಾದರೂ ಕಂಡುಹಿಡಿಯಲೇಬೇಕು ಅಂತ ಹಾಳೆ, ಪೆನ್ನು ಹಿಡಿದು ಕೂತರೆ ಏನೂ ಹೊಳೆಯುವುದಿಲ್ಲ. ಅದರ ಬದಲು ಮನೆಯಲ್ಲಿ ಯಾವ ಸಾಮಾನಿಗೆ ಯಾರು ತೇಪೆ ಹಾಕಿದ್ದಾರೆ ಅಂತ ನೋಡುತ್ತಾ ಹೋಗಿ. ಕೆಲಸ ತಾನಾಗೇ ಸಿಗುತ್ತದೆ. ಬಾಟಲಿಯ ಮುಚ್ಚಳಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್, ರಿಮೋಟಿನ ಬೆನ್ನಿಗೆ ಅಂಟಿಸಿದ ಟೇಪು, ಅಲುಗಾಡುವ ಮೇಜಿನ ಕಾಲಡಿ ಮಡಚಿಟ್ಟ ಕಾಗದ, ಒಂದೇ ಥರ ಕಾಣುವ ಎರಡು ಡಬ್ಬಿಗಳ ಮೇಲೆ ಬರೆದ ಹೆಸರು. ಇವೆಲ್ಲ ತೇಪೆಗಳೇ. ಮಾಡಿದವರು ಬಿಟ್ಟುಹೋದ ಕೊರತೆಯನ್ನು ಬಳಸುವವರು ತಾವೇ ತುಂಬಿಕೊಂಡಿದ್ದಾರೆ.

ನಾನು ಪ್ಲಾಸ್ಟಿಕ್ ಸಾಮಾನುಗಳ ಮೋಲ್ಡ್‌ಗೆ, ಅಂದರೆ ಅಚ್ಚಿಗೆ, ಡ್ರಾಯಿಂಗ್ ಮಾಡುವವನು. ಮುಚ್ಚಳ, ಹಿಡಿ, ಕ್ಲಿಪ್, ಡಬ್ಬಿ, ಇವುಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಇಷ್ಟು ಚಿಕ್ಕ ವಸ್ತುಗಳಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಕೆಲವರು ಕೇಳುತ್ತಾರೆ. ಚಿಕ್ಕ ವಸ್ತುಗಳನ್ನೇ ಅಲ್ವಾ ನಾವು ದಿನಾ ಮುಟ್ಟುವುದು? ಅದಕ್ಕೇ ಇಲ್ಲಿ ಒಂದೇ ಒಂದು ವಸ್ತುವನ್ನು ಹಿಡಿದುಕೊಂಡು ಶುರುವಿಂದ ಮೋಲ್ಡ್‌ವರೆಗೆ ಹೋಗುತ್ತೇನೆ. ಸಿರಪ್ ಬಾಟಲಿಯ ತಲೆಯ ಮೇಲೆ ಕೂತು ಬರುವ ಪುಟ್ಟ ಅಳತೆ ಕಪ್. ನಮ್ಮ ಮನೆಯ ಕಪ್‌ನಲ್ಲಿ 5 ಮಿಲಿ ಗೆರೆಯ ಮೇಲೆ ಅಮ್ಮ ಕೆಂಪು ನೇಲ್ ಪಾಲಿಶ್ ಎಳೆದಿದ್ದಾರೆ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯಾಗಿಯೇ ಉಬ್ಬಿದ ಗೆರೆ ಮಂದ ಬೆಳಕಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಆ ತೇಪೆ.

ಕೇಳಬೇಡಿ, ನೋಡಿ

ಬ್ಯಾಂಡ್-ಏಡ್ ಹುಟ್ಟಿದ್ದು ಇಂಥದ್ದೇ ಒಂದು ತೇಪೆಯಿಂದ. ಅರ್ಲ್ ಡಿಕ್ಸನ್ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ ಹತ್ತಿ ಖರೀದಿಯ ಕೆಲಸದಲ್ಲಿದ್ದವರು. ಅವರ ಹೆಂಡತಿ ಜೋಸೆಫೀನ್‌ಗೆ ಅಡುಗೆ ಮಾಡುವಾಗ ಬೆರಳು ಕೊಯ್ದುಕೊಳ್ಳುವುದು, ಸುಟ್ಟುಕೊಳ್ಳುವುದು ಆಗುತ್ತಲೇ ಇತ್ತು. ಗಾಜ್ ಅನ್ನುವ, ಗಾಯಕ್ಕೆ ಕಟ್ಟುವ ಜಾಳು ಬಟ್ಟೆ ಇಟ್ಟು ಮೇಲೆ ಟೇಪ್ ಸುತ್ತಬೇಕು. ಒಂದೇ ಕೈಯಲ್ಲಿ ಅದು ಆಗದ ಕೆಲಸ. ಸುತ್ತಿದ್ದೂ ಬೇಗ ಬಿಚ್ಚಿಕೊಳ್ಳುತ್ತಿತ್ತು. 1920ರಲ್ಲಿ ಡಿಕ್ಸನ್ ಮಾಡಿದ್ದಿಷ್ಟೇ: ಉದ್ದ ಟೇಪಿನ ಮೇಲೆ ಗಾಜ್ ತುಂಡುಗಳನ್ನು ಮೊದಲೇ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿದರು. ಬೇಕಾದಷ್ಟು ಕತ್ತರಿಸಿಕೊಂಡರೆ ಆಯ್ತು. ಗಾಜ್ ಬಟ್ಟೆಯೂ ಹೊಸದಲ್ಲ, ಟೇಪೂ ಹೊಸದಲ್ಲ. ಗಾಯವಾದವರಿಗೆ ಇನ್ನೊಬ್ಬರ ಕೈ ಬೇಕಾಗುತ್ತದೆ ಅನ್ನುವುದನ್ನು ಅವರು ಗಮನಿಸಿದ್ದರು ನೋಡಿ, ಅದು ಹೊಸದು.

ನೋಡುವುದಕ್ಕೂ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ಅಡುಗೆಮನೆಯ ಸಾಮಾನು ಮಾಡುವ ಆಕ್ಸೋ ಕಂಪನಿಯ ಅಳತೆ ಜಗ್ಗು ಒಳ್ಳೆಯ ಉದಾಹರಣೆ. ನಿಮ್ಮ ಜಗ್ಗಿನಲ್ಲಿ ಏನು ತೊಂದರೆ ಅಂತ ಕೇಳಿದರೆ ಜನ ಹೇಳುತ್ತಿದ್ದದ್ದು ಬೇರೆ: ಬಿದ್ದರೆ ಒಡೆಯುತ್ತದೆ, ಹಿಡಿ ಜಾರುತ್ತದೆ, ಬಿಸಿಯಾಗುತ್ತದೆ. ಅಳೆಯಲು ಬಿಟ್ಟು ನೋಡಿದಾಗ ಎಲ್ಲರೂ ಸುರಿಯುತ್ತಿದ್ದರು, ಬಗ್ಗುತ್ತಿದ್ದರು, ಗೆರೆ ನೋಡುತ್ತಿದ್ದರು, ಎದ್ದು ಮತ್ತೆ ಸುರಿಯುತ್ತಿದ್ದರು. ಬಗ್ಗುವುದನ್ನು ಯಾರೂ ದೂರಾಗಿ ಹೇಳಿರಲಿಲ್ಲ. ಅಳೆಯುವುದು ಅಂದರೆ ಬಗ್ಗುವುದೂ ಸೇರಿದ್ದೇ ಅಂತ ಅವರಿಗೆ ರೂಢಿಯಾಗಿಬಿಟ್ಟಿತ್ತು. ಕೊನೆಗೆ ಬಂದ ಜಗ್ಗಿನ ಒಳಗೆ ಒಂದು ಇಳಿಜಾರು ಪಟ್ಟಿ. ಅಳತೆ ಅದರ ಮೇಲೇ ಇರುತ್ತದೆ. ನಿಂತಲ್ಲಿಂದಲೇ, ಮೇಲಿನಿಂದಲೇ ಓದಬಹುದು.

ಹಾಗಾಗಿ ನಿಮ್ಮ ಮನೆಯವರನ್ನು ಏನೂ ಕೇಳಬೇಡಿ. ಪಕ್ಕದಲ್ಲಿ ಸುಮ್ನೆ ನಿಂತು ನೋಡಿ. ವಸ್ತುವನ್ನು ಕೈಗೆತ್ತಿಕೊಳ್ಳುವುದರಿಂದ ಹಿಡಿದು ತೊಳೆದು ಜಾಗದಲ್ಲಿ ಇಡುವವರೆಗೆ ಪೂರ್ತಿ ನೋಡಿ. ಮಾತು ಬರೆದುಕೊಳ್ಳಬೇಡಿ, ಕೈ ಏನು ಮಾಡಿತು ಅಂತ ಬರೆದುಕೊಳ್ಳಿ. ಔಷಧಿ ಕಪ್‌ನ ಬಗ್ಗೆ ನನ್ನ ಪುಸ್ತಕದಲ್ಲಿ ಹೀಗಿದೆ. ಕನ್ನಡಕ ಹುಡುಕಿದರು. ಕಪ್ ಅನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು, ಎತ್ತುವಾಗ ಅದು ಓರೆಯಾಯಿತು. ಜಾಸ್ತಿ ಬಿತ್ತು, ವಾಪಸ್ ಬಾಟಲಿಗೆ ಸುರಿದರು. ಬಾಟಲಿಯ ಕತ್ತಿನ ಮೇಲೆ ಹರಿದು ಅಂಟಾಯಿತು. ಕುಡಿದಾದ ಮೇಲೆ ತಳದಲ್ಲಿ ಉಳಿದಿದ್ದಕ್ಕೆ ಸ್ವಲ್ಪ ನೀರು ಹಾಕಿ ಕುಲುಕಿ ಕುಡಿದರು. ತೊಳೆದ ಕಪ್ ಬಾಟಲಿಯ ಮೇಲೆ ಸರಿಯಾಗಿ ಕೂರಲಿಲ್ಲ, ಕಪಾಟಿನ ಹಿಂದಕ್ಕೆ ಉರುಳಿತು.

ಒಂದು ಪುಟ್ಟ ಕಪ್‌ನಲ್ಲಿ ಇಷ್ಟು ವಿಷಯ ಇದೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಲು ಹೋಗಬೇಡಿ. ಒಂದನ್ನು ಆರಿಸಿ ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯದಲ್ಲಿ ಉತ್ತರ ನುಸುಳಬಾರದು. "ಕಪ್‌ಗೆ ಬಣ್ಣದ ಗೆರೆ ಬೇಕು" ಅಂತ ಬರೆದರೆ ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ. ನಾನು ಬರೆದದ್ದು: "ಮಂದ ಬೆಳಕಿನಲ್ಲಿ, ಕನ್ನಡಕವಿಲ್ಲದೆ, ಸರಿಯಾದ ಅಳತೆ ಬಂತು ಅಂತ ಗೊತ್ತಾಗುವುದಿಲ್ಲ." ಈ ವಾಕ್ಯಕ್ಕೆ ಬಣ್ಣವೂ ಉತ್ತರವಾಗಬಹುದು, ಆಕಾರವೂ ಆಗಬಹುದು, ಬೆರಳಿಗೆ ಸಿಗುವ ಗುರುತೂ ಆಗಬಹುದು.

ಈಗಿರುವ ವಸ್ತುವನ್ನು ಓದಲು ಕಲಿಯಿರಿ

ಈ ಹಂತವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಯಾವುದಾದರೂ ಪ್ಲಾಸ್ಟಿಕ್ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಎಲ್ಲೋ ಒಂದು ಕಡೆ ಸಣ್ಣ ಒರಟು ಚುಕ್ಕೆ ಸಿಗುತ್ತದೆ. ಅದು ಗೇಟ್, ಕರಗಿದ ಪ್ಲಾಸ್ಟಿಕ್ ಮೋಲ್ಡ್ ಒಳಗೆ ಬಂದ ಬಾಗಿಲು. ಸುತ್ತ ಕೂದಲೆಳೆಯಂಥ ಗೆರೆ ಇದ್ದರೆ ಅದು ಪಾರ್ಟಿಂಗ್ ಲೈನ್, ಮೋಲ್ಡ್‌ನ ಎರಡು ಭಾಗ ಕೂಡಿದ ಜಾಗ. ಒಳಮೈಯಲ್ಲಿ ಕಂಡೂ ಕಾಣದ ದುಂಡು ಗುರುತುಗಳಿದ್ದರೆ ಅವು ಎಜೆಕ್ಟರ್ ಪಿನ್‌ಗಳು. ತಣ್ಣಗಾದ ವಸ್ತುವನ್ನು ಮೋಲ್ಡ್‌ನಿಂದ ಹೊರಗೆ ತಳ್ಳಿದ್ದು ಅಲ್ಲೇ. ಹೊರಮೈ ಎಲ್ಲಾದರೂ ಸ್ವಲ್ಪ ತಗ್ಗಾಗಿದೆಯಾ? ಅದರ ಹಿಂದೆ ದಪ್ಪ ಪಟ್ಟಿ ಇರುತ್ತದೆ, ನೋಡಿ. ದಪ್ಪ ಇರುವಲ್ಲಿ ಪ್ಲಾಸ್ಟಿಕ್ ನಿಧಾನವಾಗಿ ಆರುತ್ತದೆ, ಆರುವಾಗ ಕುಗ್ಗಿ ಮೈಯನ್ನು ಒಳಗೆ ಎಳೆದುಕೊಳ್ಳುತ್ತದೆ. ಈ ನಾಲ್ಕು ಗುರುತು ಹಿಡಿಯಲು ಬಂದರೆ ಯಾವ ವಸ್ತುವನ್ನು ಹೇಗೆ ಮಾಡಿದರು ಅಂತ ಯಾರೂ ಹೇಳಿಕೊಡದೆಯೂ ಅರ್ಥವಾಗುತ್ತದೆ.

ಆಮೇಲೆ ಪ್ರತಿ ವಿವರಕ್ಕೂ "ಇದು ಯಾಕೆ ಹೀಗಿದೆ?" ಅಂತ ಕೇಳಿ. ಅಭ್ಯಾಸಕ್ಕೆ ಬಿಕ್ ಕ್ರಿಸ್ಟಲ್ ಪೆನ್ನಿಗಿಂತ ಒಳ್ಳೆಯದು ಬೇರೆ ಇಲ್ಲ. 1950ರಿಂದ ಬರುತ್ತಿರುವ ಪೆನ್ನು ಅದು. ಮೈಗೆ ಆರು ಮುಖ, ಮೇಜಿನ ಮೇಲೆ ಉರುಳುವುದಿಲ್ಲ. ಮೈ ಪಾರದರ್ಶಕ, ಇಂಕು ಎಷ್ಟಿದೆ ಅಂತ ಕಾಣುತ್ತದೆ. ಮೈಯ ನಡುವೆ ಸೂಜಿಯಷ್ಟು ತೂತು ಇದೆ. ಒಳಗಿನ ಗಾಳಿಯ ಒತ್ತಡ ಹೊರಗಿನಷ್ಟೇ ಇರಲಿ, ಇಂಕು ಸರಾಗವಾಗಿ ಇಳಿಯಲಿ ಅಂತ. ಕ್ಯಾಪಿನ ತುದಿಯಲ್ಲಿ ಇನ್ನೊಂದು ತೂತು. ಮಗು ಅದನ್ನು ನುಂಗಿ ಗಂಟಲಿಗೆ ಸಿಕ್ಕರೆ ಉಸಿರಿಗೆ ಒಂದಿಷ್ಟು ದಾರಿ ಇರಲಿ ಅಂತ. ಆ ಕ್ಯಾಪಿನ ತೂತಿನ ಬಗ್ಗೆ ತಿಳಿದ ಮೇಲೆ ನನಗೆ ಆ ಪೆನ್ನಿನ ಮೇಲೆ ಬೇರೆಯದೇ ಗೌರವ. ಯಾರೋ ಒಬ್ಬರು ಪೆನ್ನು ಬರೆಯುವುದನ್ನು ಬಿಟ್ಟು ಇನ್ನೇನಾಗಬಹುದು ಅಂತ ಯೋಚಿಸಿದ್ದಾರೆ.

ನಮ್ಮ ಕಪ್ ಅನ್ನೂ ಹೀಗೇ ಓದೋಣ. ಅದು ಅಷ್ಟು ಅಗಲ ಯಾಕೆ? ಬಾಟಲಿಯ ಮುಚ್ಚಳದ ಮೇಲೆ ಕವುಚಿ ಕೂರಬೇಕು, ಅದಕ್ಕೆ. ಅಂದರೆ ಅಳೆಯುವ ವಸ್ತುವಿನ ಅಗಲವನ್ನು ಅಳತೆ ತೀರ್ಮಾನಿಸಿಲ್ಲ, ಮುಚ್ಚಳ ತೀರ್ಮಾನಿಸಿದೆ. ಇದು ಗೊತ್ತಾದದ್ದೇ ನನಗೆ ದಾರಿ ಸಿಕ್ಕಿತು.

ಲೆಕ್ಕ ಹಾಕಿ, ಹೆದರಬೇಡಿ

ಶಾಲೆಯ ಲೆಕ್ಕ ಸಾಕು. ಕಪ್‌ನ ಒಳ ಅಗಲ 30 ಮಿಲಿಮೀಟರ್ ಅಂದುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 7 ಚದರ ಸೆಂಟಿಮೀಟರ್. ಹಾಗಾದರೆ ದ್ರವದ ಮಟ್ಟ 1 ಮಿಲಿಮೀಟರ್ ಆಚೀಚೆ ಆದರೆ ಅಳತೆ 0.7 ಮಿಲಿ ಆಚೀಚೆ ಆಗುತ್ತದೆ. 2.5 ಮಿಲಿ ಹಾಕುವಾಗ ಈ ಕಪ್‌ನಲ್ಲಿ ದ್ರವ ನಿಲ್ಲುವುದೇ ಮೂರೂವರೆ ಮಿಲಿಮೀಟರ್ ಎತ್ತರಕ್ಕೆ. ಅದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಔಷಧಿಯ ಕಾಲು ಭಾಗಕ್ಕಿಂತ ಜಾಸ್ತಿ ತಪ್ಪಿದ ಹಾಗೆ. ಗೆರೆಗೆ ಎಷ್ಟೇ ಚೆನ್ನಾದ ಬಣ್ಣ ಹಾಕಿ, ಈ ತಪ್ಪು ಹೋಗುವುದಿಲ್ಲ.

ಈಗ ಅಗಲವನ್ನು 16 ಮಿಲಿಮೀಟರ್‌ಗೆ ಇಳಿಸಿ. ವಿಸ್ತೀರ್ಣ 2 ಚದರ ಸೆಂಟಿಮೀಟರ್. ಅದೇ 2.5 ಮಿಲಿ ಈಗ 12 ಮಿಲಿಮೀಟರ್‌ಗಿಂತ ಸ್ವಲ್ಪ ಮೇಲಕ್ಕೆ ಬರುತ್ತದೆ. ಒಂದು ಮಿಲಿಮೀಟರ್ ತಪ್ಪಿದರೆ 0.2 ಮಿಲಿ ಮಾತ್ರ. ಆದರೆ ಇಷ್ಟು ಸಪೂರ ಕೊಳವೆಯಲ್ಲಿ 10 ಮಿಲಿ ತುಂಬಬೇಕಾದರೆ 5 ಸೆಂಟಿಮೀಟರ್ ಎತ್ತರ ಬೇಕು. ಕುಡಿಯಲು ಕಷ್ಟ, ತೊಳೆಯಲು ಕಷ್ಟ, ಮುಟ್ಟಿದರೆ ಬೀಳುತ್ತದೆ.

ಹಾಗಾದರೆ ಕೆಳಗೆ ಸಪೂರ, ಮೇಲೆ ಹೋದಂತೆ ಅಗಲ. ಅದೂ ಮೆಟ್ಟಿಲು ಮೆಟ್ಟಿಲಾಗಿ. ತಳದಲ್ಲಿ 16 ಮಿಲಿಮೀಟರ್ ಅಗಲದ ಪುಟ್ಟ ಬಾವಿ, ಅದು ತುಂಬಿದರೆ 2.5 ಮಿಲಿ. ಅದರ ಮೇಲೆ 22 ಮಿಲಿಮೀಟರ್ ಅಗಲದ ಮೆಟ್ಟಿಲು, ಆರೂವರೆ ಮಿಲಿಮೀಟರ್ ಎತ್ತರ, ಅಲ್ಲಿಗೆ 5 ಮಿಲಿ. ಅದರ ಮೇಲೆ 30ರ ಮೆಟ್ಟಿಲು, 7 ಮಿಲಿಮೀಟರ್ ಎತ್ತರ, ಅಲ್ಲಿಗೆ 10. ಗೆರೆಯೇ ಬೇಡ. ದ್ರವ ಒಂದು ಬಾವಿಯ ಅಂಚು ದಾಟಿ ಮೆಟ್ಟಿಲ ಮೇಲೆ ಹರಡಿದ ಕೂಡಲೇ ಅಲ್ಲೊಂದು ಹೊಳೆಯುವ ಉಂಗುರ ಮೂಡುತ್ತದೆ. ಮೇಲಿನಿಂದಲೇ ಕಾಣುತ್ತದೆ, ಮಂದ ಬೆಳಕಿನಲ್ಲೂ ಕಾಣುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಪುಟ್ಟ ಮಗುವಿಗೆ ಸಣ್ಣ ಪ್ರಮಾಣದ ಔಷಧಿ ಕೊಡಬೇಕಾದರೆ ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜೇ ಸರಿಯಾದ ಸಾಧನ. ಯಾವ ಕಪ್ ಕೂಡ ಅದಕ್ಕೆ ಸಮವಲ್ಲ. ನೀವು ಮಾಡಿದ ಮಾದರಿಯನ್ನು ನೀರಿನಲ್ಲಿ ಮಾತ್ರ ಪರೀಕ್ಷಿಸಿ, ಅದರಲ್ಲಿ ಯಾರಿಗೂ ಔಷಧಿ ಕೊಡಬೇಡಿ.

ಮಾದರಿ ಒರಟಾಗಿರಲಿ, ಬೇಗ ಆಗಲಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಕೈಗೆ ಸಿಕ್ಕಿದ್ದರಲ್ಲಿ ಮಾಡಿ. ಬಾಗುವ ಸ್ಟ್ರಾ ಮಾಡಿದ ಜೋಸೆಫ್ ಫ್ರೀಡ್‌ಮನ್ ತಮ್ಮ ಪುಟ್ಟ ಮಗಳು ಎತ್ತರದ ಲೋಟದಿಂದ ನೆಟ್ಟಗಿನ ಕಾಗದದ ಸ್ಟ್ರಾದಲ್ಲಿ ಕುಡಿಯಲು ಒದ್ದಾಡುವುದನ್ನು ನೋಡಿದರು. ಸ್ಟ್ರಾ ಒಳಗೆ ಒಂದು ಸ್ಕ್ರೂ ತೂರಿಸಿದರು. ಹೊರಗಿನಿಂದ ಅದರ ಸುರುಳಿಯ ತಗ್ಗಿಗೆ ಸರಿಯಾಗಿ ಹಲ್ಲು ಶುಚಿ ಮಾಡುವ ದಾರ ಬಿಗಿದು ಸುತ್ತಿದರು. ಸ್ಕ್ರೂ ತೆಗೆದಾಗ ಕಾಗದದಲ್ಲಿ ಸುಕ್ಕು ಉಳಿಯಿತು, ಸ್ಟ್ರಾ ಬಾಗಿತು. 1937ರಲ್ಲಿ ಅದಕ್ಕೆ ಪೇಟೆಂಟ್ ಬಂತು. ಒಂದು ಸ್ಕ್ರೂ, ಒಂದು ದಾರ, ಅಷ್ಟೇ.

ನಮ್ಮ ಮೆಟ್ಟಿಲ ಕಪ್‌ಗೆ ಮಕ್ಕಳು ಆಡುವ ಮೇಣದಂಥ ಜೇಡಿ ಸಾಕು. ಅಗಲವಾದ ಕಪ್‌ನೊಳಗೆ ಜೇಡಿ ಒತ್ತಿ ತುಂಬಿ. ಬೇಕಾದ ಅಗಲದ ದುಂಡು ವಸ್ತುಗಳನ್ನು ಹುಡುಕಿ. ದಪ್ಪ ಮಾರ್ಕರಿನ ಹಿಂಭಾಗ, ಚಿಕ್ಕ ಬಾಟಲಿಯ ತಳ, ದೊಡ್ಡ ಮುಚ್ಚಳ. ಮೊದಲು ದೊಡ್ಡದನ್ನು ಒತ್ತಿ, ಆಮೇಲೆ ಚಿಕ್ಕದನ್ನು. ತೆಗೆಯುವಾಗ ಅಂಟದಂತೆ ಸ್ವಲ್ಪ ಎಣ್ಣೆ ಸವರಿ. ಅರ್ಧ ಗಂಟೆಯಲ್ಲಿ ಮಾದರಿ ಸಿದ್ಧ. ನೋಡಲು ಚೆನ್ನಾಗಿರುವುದಿಲ್ಲ. ಚೆನ್ನಾಗಿರಲೂಬಾರದು. ಚೆಂದದ ಮಾದರಿಯನ್ನು ಕಂಡರೆ ಜನ ಹೊಗಳುತ್ತಾರೆ. ಒರಟು ಮಾದರಿ ಕೊಟ್ಟರೆ ಅದರಲ್ಲಿ ಏನು ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳುತ್ತಾರೆ.

ಅಳತೆ ಸರಿಯಿದೆಯಾ ಅಂತ ನೋಡಲು ತಕ್ಕಡಿ ಸಾಕು. 1 ಮಿಲಿ ನೀರು ಅಂದರೆ 1 ಗ್ರಾಂ. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಚಿಕ್ಕದನ್ನು ತೋರಿಸದಿದ್ದರೆ, ಒಂದೇ ಅಳತೆಯನ್ನು ಹತ್ತು ಸಲ ತುಂಬಿ ಒಂದು ಪಾತ್ರೆಗೆ ಸುರಿದು ತೂಗಿ, ಹತ್ತರಿಂದ ಭಾಗಿಸಿ. ಸಕ್ಕರೆ ಪಾಕದಲ್ಲಿ ತೂಗಬೇಡಿ, ಅದು ನೀರಿಗಿಂತ ಭಾರ. ಪಾಕವನ್ನು ಬೇರೆ ಪರೀಕ್ಷೆಗೆ ಇಟ್ಟುಕೊಳ್ಳಿ. ಕಪ್ ಕವುಚಿದ ಮೇಲೆ ಮೂಲೆಯಲ್ಲಿ ಎಷ್ಟು ಉಳಿಯುತ್ತದೆ ಅಂತ ನೋಡಲು ಅದೇ ಬೇಕು. ಜೇಡಿಯಲ್ಲಿ ಹೀಗೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ಮೆಟ್ಟಿಲ ಒಳಮೂಲೆ ಚೂಪಾಗಿದ್ದಷ್ಟೂ ಪಾಕ ಅಲ್ಲೇ ಕೂರುತ್ತದೆ. ಮೂಲೆಗಳನ್ನು ಬೆರಳಿನಿಂದ ದುಂಡಗೆ ಸವರಿ ಮತ್ತೆ ನೋಡಿ. ಆದರೆ ಮೆಟ್ಟಿಲ ಹೊರ ಅಂಚನ್ನು ಮಾತ್ರ ದುಂಡಗೆ ಮಾಡಬೇಡಿ. ಅದು ಚೂಪಾಗಿದ್ದರೆ ಮಾತ್ರ ದ್ರವ ದಾಟಿದ್ದು ತಟ್ಟನೆ ಕಾಣುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗೆ 5,127 ಮಾದರಿ ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತು. ಆ ಸಂಖ್ಯೆಯನ್ನು ಬರೀ ಹಟದ ಕಥೆ ಮಾಡಿಬಿಟ್ಟಿದ್ದಾರೆ. ಸಂಖ್ಯೆ ಅಷ್ಟು ದೊಡ್ಡದಾಗಲು ಅವರ ರೀತಿಯೂ ಕಾರಣ. ಪ್ರತಿ ಸಲ ಒಂದೇ ಒಂದು ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು ಅಂತ ಹೇಳಲು ಆಗುವುದಿಲ್ಲ.

ಕೈಗೆ ಕೊಟ್ಟು ಬಾಯಿ ಮುಚ್ಚಿಕೊಳ್ಳಿ

ಮಾದರಿಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ವಿವರಣೆ ಕೊಡಬೇಡಿ. "ಇದರಲ್ಲಿ 5 ಮಿಲಿ ಅಳೆದು ಕೊಡ್ತೀರಾ" ಅಂತ ಕೇಳಿ, ಅಷ್ಟೇ. ಅವರು ತಪ್ಪಾಗಿ ಹಿಡಿದರೆ ತಿದ್ದಬೇಡಿ. ಅಂಗಡಿಯಲ್ಲಿ ಕೊಂಡವರ ಪಕ್ಕದಲ್ಲಿ ನೀವು ನಿಂತಿರುವುದಿಲ್ಲವಲ್ಲ.

ಪರೀಕ್ಷೆಯನ್ನು ಕಷ್ಟ ಮಾಡಿ. ದೀಪ ಆರಿಸಿ, ಪಕ್ಕದ ಕೋಣೆಯ ಬೆಳಕು ಮಾತ್ರ ಇರಲಿ. ಕನ್ನಡಕ ತೆಗೆಸಿ. ಕೈ ಒದ್ದೆ ಮಾಡಿಸಿ. ದಪ್ಪ ಕೈಗವಸು ಹಾಕಿಸಿದರೆ ಬೆರಳು ಗಂಟಿನ ನೋವಿರುವವರ ಹಿಡಿತ ಹೇಗಿರುತ್ತದೆ ಅಂತ ಸ್ವಲ್ಪ ಅಂದಾಜಾಗುತ್ತದೆ. ನಿಜವಾಗಿ ನೋವಿರುವವರೇ ಸಿಕ್ಕಿದರೆ ಅವರಿಗಿಂತ ದೊಡ್ಡ ಗುರು ಇಲ್ಲ. ಆಕ್ಸೋ ಶುರುಮಾಡಿದ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ ಇತ್ತು. ಸಿಪ್ಪೆ ತೆಗೆಯುವ ಸಾಧನದ ಸಪೂರ ಲೋಹದ ಹಿಡಿ ಅವರಿಗೆ ನೋವು ಕೊಡುತ್ತಿತ್ತು. 1990ರಲ್ಲಿ ಬಂದ ಆಕ್ಸೋ ಗುಡ್ ಗ್ರಿಪ್ಸ್‌ನ ದಪ್ಪ, ಮೆತ್ತನೆಯ ರಬ್ಬರಿನಂಥ ಹಿಡಿ ಶುರುವಾದದ್ದು ಅಲ್ಲಿಂದ. ಹೆಬ್ಬೆರಳು, ತೋರುಬೆರಳು ಕೂರುವ ಜಾಗದಲ್ಲಿ ತೆಳ್ಳನೆಯ ಗೀರುಗಳಿವೆ, ಒತ್ತಿದರೆ ಬಾಗುತ್ತವೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ನೋವಿರುವವರಿಗಾಗಿ ಮಾಡಿದ ಹಿಡಿ, ನೋವಿಲ್ಲದವರೂ ಅದನ್ನೇ ಕೊಂಡರು. ಕಷ್ಟ ಜಾಸ್ತಿ ಇರುವವರಿಗೆ ಸರಿಹೋದದ್ದು ಉಳಿದವರಿಗೆ ಇನ್ನೂ ಸುಲಭ.

ಮೆಟ್ಟಿಲ ಕಪ್ ಇಲ್ಲಿ ಎರಡು ತಕರಾರು ಎದುರಿಸುತ್ತದೆ. ತಳ ಸಪೂರವಾದದ್ದರಿಂದ ಬೀಳುತ್ತದೆ. ಮತ್ತೆ, ಮೇಲಿನ ಅಗಲ ಭಾಗದ ಆಳ ಬರೀ 7 ಮಿಲಿಮೀಟರ್ ಆದ್ದರಿಂದ ಬಾಟಲಿಯ ಮುಚ್ಚಳದ ಮೇಲೆ ಕೂರುವುದಿಲ್ಲ. ಎರಡನೆಯದಕ್ಕೆ 10 ಮಿಲಿ ಗುರುತಿನ ಮೇಲೆ ಇನ್ನೂ 12 ಮಿಲಿಮೀಟರ್ ಅಂಚು ಎತ್ತರಿಸಿದರೆ ಆಯ್ತು. ಆ ಅಂಚು ಸುರಿಯುವಾಗ ಚೆಲ್ಲದಂತೆಯೂ ತಡೆಯುತ್ತದೆ. ಮೊದಲನೆಯದಕ್ಕೆ ಬಾಯಿಯ ಅಂಚಿನಿಂದಲೇ ಹೊರಗೋಡೆಯೊಂದನ್ನು ನೇರ ಕೆಳಗೆ ಇಳಿಸಬೇಕು, ಒಳಗಿನ ಮೆಟ್ಟಿಲುಗಳನ್ನು ಸುತ್ತುವರಿದ ಹಾಗೆ. ನಡು ಸಪೂರ ಮಾಡಿ ಅಗಲ ಪಾದ ಕೊಟ್ಟರೆ ನೋಡಲು ಚೆಂದ, ನಿಜ. ಆದರೆ ಆ ಸಪೂರ ನಡುವಿಗೆ ಮೋಲ್ಡ್ ಸಿಕ್ಕಿಕೊಳ್ಳುತ್ತದೆ. ನೇರ ತೆಗೆಯಲು ಆಗುವುದಿಲ್ಲ, ಪಕ್ಕಕ್ಕೆ ತೆರೆಯುವ ಮೋಲ್ಡ್ ಬೇಕು, ಖರ್ಚು ಏರುತ್ತದೆ. ನೇರ ಗೋಡೆಯಾದರೆ ಮೇಲೆ ಒಂದು ಭಾಗ, ಕೆಳಗೆ ಒಂದು ಭಾಗ, ಸರಳವಾಗಿ ಬಿಟ್ಟುಕೊಳ್ಳುತ್ತದೆ.

ಮೊದಲೇ ಯಾರಾದರೂ ಮಾಡಿದ್ದಾರಾ?

ಮಾಡಿರುತ್ತಾರೆ. ಅದರಿಂದ ಬೇಸರ ಬೇಡ. ಔಷಧಿ ತಯಾರಿಸುವವರು ಬಳಸುವ, ಕೆಳಗೆ ಸಪೂರವಾದ ಗಾಜಿನ ಅಳತೆ ಪಾತ್ರೆ ಬಹಳ ಹಳೆಯದು. ಅದು ನಮಗೆ ಹೇಳುವುದೇನು? ದಾರಿ ಸರಿಯಿದೆ ಅಂತ.

ಪೇಟೆಂಟ್ ಹುಡುಕುವುದು ಈಗ ಮನೆಯಲ್ಲೇ ಆಗುವ ಕೆಲಸ. ಗೂಗಲ್ ಪೇಟೆಂಟ್ಸ್, ಯುರೋಪಿಯನ್ ಪೇಟೆಂಟ್ ಆಫೀಸಿನ ಎಸ್ಪಾಸ್‌ನೆಟ್, ಎರಡೂ ಉಚಿತ. ಪದ ಹಾಕಿ ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ತಪ್ಪುತ್ತದೆ, ಯಾಕೆಂದರೆ ಒಬ್ಬರು ಕಪ್ ಅಂದದ್ದನ್ನು ಇನ್ನೊಬ್ಬರು ಪಾತ್ರೆ ಅಂದಿರುತ್ತಾರೆ. ಪ್ರತಿ ಪೇಟೆಂಟಿಗೂ ಅದರ ವಿಷಯಕ್ಕೆ ತಕ್ಕ ವರ್ಗದ ಸಂಖ್ಯೆ ಇರುತ್ತದೆ, ಅದರಿಂದ ಹುಡುಕಿ. ಅಳತೆ ಪಾತ್ರೆಗಳಿಗೆ ಜಿ01ಎಫ್ 19. ಬಾಯಿಯಿಂದ ಔಷಧಿ ಕೊಡುವ ಸಾಧನಗಳಿಗೆ ಎ61ಜೆ 7. ಅಡುಗೆಮನೆಯ ಸಲಕರಣೆಗಳಿಗೆ ಎ47ಜೆ, ಗುಂಡಿ ಮತ್ತು ಜಿಪ್‌ಗೆ ಎ44ಬಿ, ಡಬ್ಬಿ ಬಾಟಲಿಗಳಿಗೆ ಬಿ65ಡಿ. ಮೊದಲು ಚಿತ್ರ ನೋಡಿ. ಚಿತ್ರ ಹತ್ತಿರ ಅನ್ನಿಸಿದರೆ ಮಾತ್ರ ಕೊನೆಯಲ್ಲಿರುವ ಕ್ಲೇಮ್‌ಗಳನ್ನು ಓದಿ. ಕಾನೂನಿನ ಹಕ್ಕು ಇರುವುದು ಕ್ಲೇಮ್‌ನಲ್ಲಿ. ಪೇಟೆಂಟ್ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದದ್ದನ್ನು ಯಾರು ಬೇಕಾದರೂ ಬಳಸಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ.

ನಿಮ್ಮದು ನಿಜವಾಗಿ ಹೊಸದು ಅನ್ನಿಸಿದರೆ ಅರ್ಜಿ ಹಾಕುವ ಮೊದಲು ಎಲ್ಲೂ ಪ್ರಕಟಿಸಬೇಡಿ, ವಿಡಿಯೋ ಹಾಕಬೇಡಿ, ಮಾರಬೇಡಿ. ಬಹಳಷ್ಟು ದೇಶಗಳಲ್ಲಿ ಮೊದಲೇ ಬಹಿರಂಗವಾದದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಮಾದರಿ ಮಾಡಿಕೊಡುವವರಿಗೆ ತೋರಿಸುವ ಮೊದಲು ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಮಾಡಿಸಿ. ದಿನಾಂಕ ಹಾಕಿದ ಪುಸ್ತಕವನ್ನೂ ಇಟ್ಟುಕೊಳ್ಳಿ. ಚಪ್ಪಟೆ ತಳದ ಕಾಗದದ ಚೀಲ ಮಾಡುವ ಯಂತ್ರ ಕಂಡುಹಿಡಿದ ಮಾರ್ಗರೆಟ್ ನೈಟ್ ಅವರ ಯಂತ್ರವನ್ನು ವರ್ಕ್‌ಶಾಪಿನಲ್ಲಿ ನೋಡಿದ ಚಾರ್ಲ್ಸ್ ಅನ್ನನ್ ಅನ್ನುವವನು ತನ್ನದೇ ಅಂತ ಪೇಟೆಂಟ್ ಪಡೆಯಲು ಹೋದ. ಅವರು ತಮ್ಮ ಚಿತ್ರಗಳು, ಟಿಪ್ಪಣಿಗಳು, ಮಾದರಿಗಳನ್ನು ಮುಂದಿಟ್ಟು ಗೆದ್ದರು, 1871ರಲ್ಲಿ ಪೇಟೆಂಟ್ ಅವರಿಗೇ ಬಂತು. ಈಗ ಅಮೆರಿಕ ಸೇರಿ ಎಲ್ಲ ಕಡೆ ಮೊದಲು ಅರ್ಜಿ ಹಾಕಿದವರಿಗೇ ಆದ್ಯತೆ. ಆದರೂ ಇನ್ನೊಬ್ಬರು ನಿಮ್ಮಿಂದಲೇ ಕದ್ದರು ಅಂತ ತೋರಿಸಬೇಕಾದರೆ ಪುಸ್ತಕ ಬೇಕೇ ಬೇಕು.

ಎಲ್ಲದಕ್ಕೂ ಪೇಟೆಂಟ್ ಬೇಕು ಅಂತ ಹಟ ಹಿಡಿಯುವುದೂ ಸರಿಯಲ್ಲ. ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದ ವಾಲ್ಟರ್ ಹಂಟ್ ಅದನ್ನು 400 ಡಾಲರಿಗೆ ಮಾರಿಬಿಟ್ಟರು. ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ತಂದ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಬೇರೆ ಕಂಪನಿಗಳೂ ಬಳಸಲು ವೋಲ್ವೋ ಬಿಟ್ಟುಕೊಟ್ಟಿತು. ನನಗೆ ಎರಡನೆಯದರ ಮೇಲೆ ಅಪಾರ ಗೌರವ. ಜೀವ ಉಳಿಸುವ ವಸ್ತುವಿಗೆ ಬೇಲಿ ಹಾಕದೇ ಇರುವುದೇ ಒಳ್ಳೆಯದು.

ಬಳಸಿ ಆದ ಮೇಲೆ ಏನಾಗುತ್ತದೆ?

ಮೋಲ್ಡ್‌ಗೆ ಹೋಗುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು. ಪಾನೀಯದ ಡಬ್ಬಿಗೆ ಎಳೆದು ತೆಗೆಯುವ ಕಿವಿಯನ್ನು ಕೂರಿಸಿದವರು ಎರ್ಮಲ್ ಫ್ರೇಜ್. 1960ರ ದಶಕದಲ್ಲಿ ಪೇಟೆಂಟ್ ಬಂತು. ಡಬ್ಬಿ ತೆರೆಯಲು ಬೇರೆ ಸಾಧನವೇ ಬೇಡವಾಯಿತು. ಆದರೆ ಕಿತ್ತು ಬಂದ ಚೂಪು ತುಂಡುಗಳು ಮರಳಿನಲ್ಲಿ, ಹುಲ್ಲಿನಲ್ಲಿ ಬಿದ್ದು ಕಾಲು ಕೊಯ್ಯತೊಡಗಿದವು. 1975ರಲ್ಲಿ ಡೇನಿಯಲ್ ಕುಡ್ಜಿಕ್ ಅವರ ಹೊಸ ರೂಪದಲ್ಲಿ ಕಿವಿ ಡಬ್ಬಿಯಲ್ಲೇ ಉಳಿಯಿತು, ಬಾಯಿ ಒಳಕ್ಕೆ ಮಡಚಿಕೊಂಡಿತು. ನಿಮ್ಮ ವಸ್ತುವಿನಲ್ಲಿ ಬೇರೆಯಾಗಿ ಬೀಳುವ ತುಂಡು ಇದೆಯಾ? ಮಗುವಿನ ಬಾಯಿಗೆ ಹೋಗುವಷ್ಟು ಚಿಕ್ಕದಾ? ಎರಡು ಬಗೆಯ ಪ್ಲಾಸ್ಟಿಕ್ ಅಂಟಿಸಿ ಮರುಬಳಕೆಗೆ ಆಗದಂತೆ ಮಾಡಿದ್ದೀರಾ? ಕಾಗದದ ಮೇಲಿರುವಾಗ ತಿದ್ದುವುದು ಸುಲಭ.

ಮೋಲ್ಡ್ ಮಾಡುವವರ ಬಳಿ ಹೋದಾಗ

ಮೊದಲು ತ್ರೀಡಿ ಪ್ರಿಂಟ್ ಮಾಡಿಸಿ, ಆಕಾರ ಸರಿಯಿದೆಯಾ ನೋಡಲು ಮಾತ್ರ. ಪದರ ಪದರವಾಗಿ ಬರುವುದರಿಂದ ನಡುವೆ ಸಂದಿಗಳಿರುತ್ತವೆ, ಅಲ್ಲಿ ಕೊಳೆ ಕೂರುತ್ತದೆ, ಬಾಯಿಗೆ ಇಡುವ ವಸ್ತುವಿಗೆ ಅದು ಆಗದು. ಈ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾದೀತು.

ಕಪ್‌ಗೆ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಒಳ್ಳೆಯದು. ಬಿಸಿನೀರು ತಡೆಯುತ್ತದೆ, ಬಿದ್ದರೆ ಸುಲಭವಾಗಿ ಒಡೆಯುವುದಿಲ್ಲ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರಲಿ, ಒಂದೂವರೆ ಮಿಲಿಮೀಟರ್ ಆಸುಪಾಸು. ನೇರ ನಿಂತ ಪ್ರತಿ ಗೋಡೆಗೂ 1ರಿಂದ 2 ಡಿಗ್ರಿ ಓರೆ ಕೊಡಿ. ಇದನ್ನೇ ಡ್ರಾಫ್ಟ್ ಅನ್ನುವುದು. ಅದಿಲ್ಲದಿದ್ದರೆ ವಸ್ತು ಮೋಲ್ಡ್‌ಗೆ ಅಂಟಿಕೊಂಡು ಗೀರು ಬೀಳುತ್ತದೆ. ಗೇಟ್ ಎಲ್ಲಿ ಬರುತ್ತದೆ ಅಂತ ಕೇಳಿ. ಕಪ್‌ಗೆ ತಳದ ನಡುವೆ, ಹೊರಗಡೆ ಬರಲಿ. ತುಟಿ ತಾಗುವ ಅಂಚಿನಲ್ಲಿ ಗೇಟೂ ಬೇಡ, ಒರಟು ಪಾರ್ಟಿಂಗ್ ಲೈನೂ ಬೇಡ.

ಅಳತೆಯ ವಸ್ತುವಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕುಗ್ಗುವಿಕೆ. ಪಾಲಿಪ್ರೊಪಿಲೀನ್ ಆರುವಾಗ ನೂರಕ್ಕೆ 1ರಿಂದ 2.5ರಷ್ಟು ಕುಗ್ಗುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ. ಮೂರೂ ಕಡೆ ನೂರಕ್ಕೆ 1.5 ಕುಗ್ಗಿದರೆ ಒಳಗಿನ ಜಾಗ ನೂರಕ್ಕೆ 4.4 ಕಡಿಮೆಯಾಗುತ್ತದೆ, 10 ಮಿಲಿ ಅಂದದ್ದು 9.56 ಆಗುತ್ತದೆ. ಮೋಲ್ಡ್ ಮಾಡುವವರು ಅದಕ್ಕೆ ತಕ್ಕಂತೆ ದೊಡ್ಡದಾಗಿಯೇ ಕೊರೆಯುತ್ತಾರೆ. ಆದರೂ ನಿಖರವಾಗಿ ಎಷ್ಟು ಕುಗ್ಗುತ್ತದೆ ಅನ್ನುವುದು ಗೋಡೆಯ ದಪ್ಪ, ಒತ್ತಡ, ಆರಿಸುವ ಹೊತ್ತು ಇವುಗಳ ಮೇಲೆ ನಿಂತಿದೆ. ಮೊದಲ ಶಾಟ್ ಹೊಡೆದು, ಅಂದರೆ ಮೋಲ್ಡ್‌ಗೆ ಮೊದಲ ಸಲ ಪ್ಲಾಸ್ಟಿಕ್ ತುಂಬಿ ತೆಗೆದು, ನೋಡಿದ ಮೇಲೇ ಗೊತ್ತಾಗುವುದು.

ಇದಕ್ಕೆ ಒಂದು ಉಪಾಯ ಇದೆ. ಕಪ್‌ನ ಒಳಭಾಗವನ್ನು ರೂಪಿಸುವುದು ಕೋರ್ ಅನ್ನುವ ಉಕ್ಕಿನ ತುಂಡು. ಉಕ್ಕನ್ನು ಉಜ್ಜಿ ಚಿಕ್ಕದು ಮಾಡುವುದು ಸುಲಭ, ಮತ್ತೆ ಸೇರಿಸಿ ದೊಡ್ಡದು ಮಾಡುವುದು ಬಹಳ ಕಷ್ಟ. ಹಾಗಾಗಿ ಕೋರ್ ಅನ್ನು ಮೊದಲು ಲೆಕ್ಕಕ್ಕಿಂತ ಒಂದು ಚೂರು ದೊಡ್ಡದಾಗಿಯೇ ಬಿಡಲು ಹೇಳಿ. ಮೂರು ಮೆಟ್ಟಿಲುಗಳಿಗೂ ಹಾಗೆಯೇ. ಮೊದಲ ಶಾಟ್‌ನ ಕಪ್‌ಗಳು ಸ್ವಲ್ಪ ಜಾಸ್ತಿ ಹಿಡಿಯುತ್ತವೆ. ಅವನ್ನು ಬಿಸಿಬಿಸಿಯಾಗಿ ಅಳೆಯಬೇಡಿ. ಪಾಲಿಪ್ರೊಪಿಲೀನ್ ಹೊರಬಂದ ಮೇಲೂ ಸ್ವಲ್ಪ ಹೊತ್ತು ಕುಗ್ಗುತ್ತಲೇ ಇರುತ್ತದೆ, ಎರಡು ದಿನ ಬಿಡಿ. ಆಮೇಲೆ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆಯಾಗಿ ನೀರು ತುಂಬಿ ತೂಗಿ, ತೂಕವನ್ನು ಕಪ್‌ನ ಮೇಲೇ ಮಾರ್ಕರಿನಲ್ಲಿ ಬರೆದು ಕೊಡಿ. ಕೆಳಗಿನ ಬಾವಿಯನ್ನು ಮೊದಲು ಸರಿಮಾಡಿಸಿ, ಯಾಕೆಂದರೆ ಅದನ್ನು ಮುಟ್ಟಿದರೆ ಮೇಲಿನ ಎರಡು ಅಳತೆಯೂ ಬದಲಾಗುತ್ತವೆ. ಆಮೇಲೆ 5, ಕೊನೆಗೆ 10. ಅಂಕಿಗಳನ್ನು ಮೋಲ್ಡ್‌ನಲ್ಲಿ ಕೆತ್ತುವುದು ಇದೆಲ್ಲ ಮುಗಿದ ಮೇಲೆ.